ಲಂಗರಿಲ್ಲದೆ ನಿಂತ ಹಡಗು

ಪ್ರಶ್ನೆ: ನನ್ನ ತಂಗಿಯ ಮಗ ಮುಂಬೈ ಹೈ ತೈಲ ಕ್ಷೇತ್ರದಲ್ಲಿ ಹಡಗಿನ ಕೆಲಸದಲ್ಲಿದ್ದಾನೆ. ಅವನ ಹಡಗು ಲಂಗರು ಹಾಕದೆ, ಹಗ್ಗ ಕಟ್ಟದೆ ಕಡಲ ನಡುವೆ ಒಂದೇ ಜಾಗದಲ್ಲಿ ದಿನಗಟ್ಟಲೆ ನಿಲ್ಲುತ್ತದಂತೆ. ಎಲ್ಲವನ್ನೂ ‘ಡಿಪಿ’ ನೋಡಿಕೊಳ್ಳುತ್ತದೆ ಎನ್ನುತ್ತಾನೆ. ನಾವು ಅಘನಾಶಿನಿ ದಂಡೆಯವರು. ತದಡಿಯ ಕಡವಿನಲ್ಲಿ ದೋಣಿಯನ್ನು ಎರಡು ನಿಮಿಷ ಒಂದೇ ಕಡೆ ನಿಲ್ಲಿಸುವುದು ಎಷ್ಟು ಕಷ್ಟವೆಂದು ಬಲ್ಲೆವು. ಗಾಳಿ, ಅಲೆ, ಸೆಳೆತ ಮೂರೂ ಒಟ್ಟಿಗೆ ತಳ್ಳುವಾಗ ಯಾವುದು ಎಷ್ಟು ತಳ್ಳುತ್ತಿದೆ ಎಂದು ಯಂತ್ರಕ್ಕೆ ಗೊತ್ತಾಗುವುದು ಹೇಗೆ?
– ಓದುಗರು, ಕುಮಟಾ ತಾಲೂಕು

ಉತ್ತರ: ನಿಮ್ಮ ಕೊನೆಯ ವಾಕ್ಯದಲ್ಲೇ ಈ ವಿದ್ಯೆಯ ತಿರುಳಿದೆ. ಹಡಗನ್ನು ತಳ್ಳುವ ಬಲಕ್ಕೆ ಎದುರಾಗಿ ಅಷ್ಟೇ ಬಲ ಹಾಕಿದರೆ ಅದು ನಿಲ್ಲುತ್ತದೆ, ಅದರಲ್ಲಿ ಗುಟ್ಟೇನೂ ಇಲ್ಲ. ಕಷ್ಟ ಇರುವುದು ಬೇರೆ ಕಡೆ. ಯಾವ ತಳ್ಳಾಟಕ್ಕೆ ಎದುರು ನಿಲ್ಲಬೇಕು, ಯಾವುದನ್ನು ಅದರ ಪಾಡಿಗೆ ಬಿಡಬೇಕು ಎಂದು ಹೊತ್ತುಹೊತ್ತಿಗೆ ತೀರ್ಮಾನಿಸಬೇಕು.

ನಿಮ್ಮ ಕಡವಿನ ಅಂಬಿಗನನ್ನೇ ನೋಡಿ. ಗಾಳಿ ಜೋರಾದದ್ದು ಅವನ ಕೆನ್ನೆಗೆ ತಿಳಿಯುತ್ತದೆ. ದೋಣಿ ಜರುಗುವ ಮೊದಲೇ ಅವನ ಹುಟ್ಟು ಆ ಕಡೆ ಬಿದ್ದಿರುತ್ತದೆ. ಸಣ್ಣ ತೆರೆ ಬಂದು ದೋಣಿಯನ್ನು ತೂಗಿ ಹೋದರೆ ಅವನು ಕೈ ಆಡಿಸುವುದಿಲ್ಲ. ತೆರೆ ತಾನೇ ತಂದದ್ದನ್ನು ತಾನೇ ವಾಪಸು ಒಯ್ಯುತ್ತದೆಂದು ಗೊತ್ತು. ಇಳಿತದ ಸೆಳೆತ ಮಾತ್ರ ಕಣ್ಣಿಗೆ ಕಾಣುವುದಿಲ್ಲ. ಹುಟ್ಟು ಹಾಕುತ್ತಿದ್ದರೂ ದಂಡೆಯ ತೆಂಗಿನಮರ ಮೆಲ್ಲಗೆ ಹಿಂದೆ ಸರಿಯುತ್ತಿದ್ದರೆ, ನೀರು ಇಷ್ಟು ಎಳೆಯುತ್ತಿದೆ ಎಂದು ಅಂದಾಜು ಮಾಡಿಕೊಳ್ಳುತ್ತಾನೆ. ಡಿಪಿ, ಅಂದರೆ ಡೈನಾಮಿಕ್ ಪೊಸಿಷನಿಂಗ್, ಮಾಡುವುದೂ ಹೆಚ್ಚುಕಡಿಮೆ ಇದನ್ನೇ. ಗಾಳಿಯನ್ನು ಅಳೆಯುತ್ತದೆ, ಅಲೆಯ ಕುಣಿತವನ್ನು ಬಿಟ್ಟುಕೊಡುತ್ತದೆ, ಸೆಳೆತವನ್ನು ಊಹಿಸುತ್ತದೆ.

ಕಡಲ ಮೇಲಿನ ಹಡಗಿಗೆ ಆರು ಬಗೆಯ ಅಲುಗಾಟ. ಮೇಲೆ ಕೆಳಗೆ ಏಳುವುದು, ಬದಿಗೆ ಹೊರಳುವುದು, ಮೂತಿ ಎತ್ತಿ ಇಳಿಸುವುದು, ಈ ಮೂರರ ಗೋಜಿಗೆ ಡಿಪಿ ಹೋಗುವುದಿಲ್ಲ. ಹಿಂದೆ ಮುಂದೆ ಜರುಗುವುದು, ಅಕ್ಕಪಕ್ಕಕ್ಕೆ ಸರಿಯುವುದು, ಮೂತಿ ಎಡಬಲಕ್ಕೆ ತಿರುಗುವುದು, ಇವಿಷ್ಟೇ ಅದರ ಕೆಲಸ. ಇದಕ್ಕಾಗಿ ಹಡಗಿನ ತಳದಲ್ಲಿ ಥ್ರಸ್ಟರ್‌ಗಳಿರುತ್ತವೆ. ಕೆಲವು ಒಡಲಿಗೆ ಅಡ್ಡಲಾಗಿ ಕೊರೆದ ಸುರಂಗದಲ್ಲಿ ಕೂತ ಪಂಖಗಳು, ಕೆಲವು ಸುತ್ತ ಯಾವ ದಿಕ್ಕಿಗಾದರೂ ತಿರುಗಬಲ್ಲವು. ನಿಂತ ಜಾಗ ತಿಳಿಯಲು ಒಂದೇ ಸಾಧನವನ್ನು ನಂಬುವುದಿಲ್ಲ. ಉಪಗ್ರಹದ ಸಂಕೇತ, ಕಡಲ ತಳದಲ್ಲಿಟ್ಟ ಪೆಟ್ಟಿಗೆಯಿಂದ ಬರುವ ಶಬ್ದ, ತಳಕ್ಕೆ ಭಾರ ಇಳಿಬಿಟ್ಟು ಬಿಗಿಯಾಗಿ ಎಳೆದ ತಂತಿ ಯಾವ ಕಡೆ ವಾಲುತ್ತಿದೆ ಎಂಬ ಲೆಕ್ಕ, ಹತ್ತಿರದ ತೈಲ ಪ್ಲಾಟ್‌ಫಾರಂಗೆ ಬಡಿದು ಮರಳುವ ಲೇಸರ್ ಕಿರಣ. ಸೂಕ್ಷ್ಮ ಕೆಲಸವಾದರೆ ಇಂಥವು ಮೂರಾದರೂ ಇರಬೇಕು. ಎರಡಿದ್ದು ಎರಡೂ ಬೇರೆ ಬೇರೆ ಹೇಳಿದರೆ ಯಾವುದನ್ನು ನಂಬುವುದು? ಮೂರಿದ್ದರೆ ಸುಳ್ಳು ಹೇಳುವುದನ್ನು ಉಳಿದೆರಡು ಹಿಡಿದುಕೊಡುತ್ತವೆ. ನಮ್ಮ ಕಡಲಿಗೆ ಇದು ಇನ್ನೂ ಮುಖ್ಯ. ಭೂಕಾಂತೀಯ ಸಮಭಾಜಕ ರೇಖೆ ದಕ್ಷಿಣ ಭಾರತದ ತುದಿಯ ಮೇಲೆ ಹಾದುಹೋಗುತ್ತದೆ. 1963ರಲ್ಲಿ ರಾಕೆಟ್ ಹಾರಿಸಲು ಕೇರಳದ ತುಂಬಾವನ್ನು ಆರಿಸಿದ್ದೂ ಅದಕ್ಕೇ. ಈ ಸೀಮೆಯಲ್ಲಿ ಸೂರ್ಯ ಮುಳುಗಿದ ಮೇಲೆ ಅಯಾನುಗೋಳ ಕದಡಿ ಉಪಗ್ರಹದ ಸಂಕೇತ ನಕ್ಷತ್ರದಂತೆ ಮಿನುಗತೊಡಗುತ್ತದೆ. ಸೂರ್ಯನ ಚಟುವಟಿಕೆ ಹೆಚ್ಚಿದ ವರ್ಷಗಳಲ್ಲಿ ಇದರ ಕಾಟ ಜಾಸ್ತಿ.

ಈಗ ಗಾಳಿಗೆ ಬರೋಣ. ಮೂರರಲ್ಲಿ ಡಿಪಿ ನೇರವಾಗಿ ಅಳೆಯುವುದು ಇದೊಂದನ್ನೇ. ಕೂವೆಯ ಮೇಲೆ ಗಾಳಿಮಾಪಕಗಳಿರುತ್ತವೆ. ಯಾವ ದಿಕ್ಕಿನಿಂದ ಎಷ್ಟು ವೇಗದ ಗಾಳಿ ಬಂದರೆ ಈ ಹಡಗಿನ ಮೇಲೆ ಎಷ್ಟು ಬಲ ಬೀಳುತ್ತದೆ ಎಂಬ ಕೋಷ್ಟಕ ಕಂಪ್ಯೂಟರಿನೊಳಗೆ ಮೊದಲೇ ಇರುತ್ತದೆ. ಗಾಳಿಯ ವೇಗ ಎರಡು ಪಟ್ಟಾದರೆ ಬಲ ನಾಲ್ಕು ಪಟ್ಟು. ಒಂದು ಸಣ್ಣ ಲೆಕ್ಕ ಹಾಕಿ ನೋಡಿ. ಗಾಳಿಗೆ 1500 ಚದರ ಮೀಟರ್ ಮೈಯೊಡ್ಡಿ ಅಡ್ಡ ನಿಂತ ಹಡಗಿಗೆ ಗಂಟೆಗೆ 72 ಕಿಲೋಮೀಟರ್ ವೇಗದ ಗಾಳಿ ಬಡಿದರೆ ಸುಮಾರು 36 ಟನ್ ತೂಕದಷ್ಟು ತಳ್ಳುತ್ತದೆ. ಸಾವಿರಾರು ಟನ್ ತೂಗುವ ಹಡಗು ಕೂಡಲೇ ಓಡುವುದಿಲ್ಲ, ನಿಧಾನಕ್ಕೆ ಕದಲುತ್ತದೆ. ಅದು ಕದಲುವುದನ್ನು ಕಾಯುತ್ತ ಕೂತರೆ ತಡವಾಯಿತು. ಒಮ್ಮೆ ವೇಗ ಹಿಡಿದ ಹಡಗನ್ನು ನಿಲ್ಲಿಸಲು ಇನ್ನೂ ಹೆಚ್ಚು ಬಲ ಬೇಕು. ಅದಕ್ಕೇ ಗಾಳಿಮಾಪಕ ಬೀಸು ಹೆಚ್ಚಿತೆಂದ ಕ್ಷಣವೇ ಥ್ರಸ್ಟರ್‌ಗಳಿಗೆ ಆದೇಶ ಹೋಗುತ್ತದೆ. ಹಡಗು ಇನ್ನೂ ಜರುಗಿಯೇ ಇರುವುದಿಲ್ಲ, ಉತ್ತರ ಹೊರಟಿರುತ್ತದೆ.

ಇದರಲ್ಲಿ ಒಂದು ಅಪಾಯವೂ ಅಡಗಿದೆ. ಹೆಲಿಕಾಪ್ಟರ್ ಹಡಗಿನ ಮೇಲೆ ಇಳಿಯುವಾಗ ಅದರ ರೆಕ್ಕೆಗಳ ಗಾಳಿ ನೇರವಾಗಿ ಮಾಪಕಕ್ಕೆ ಹೊಡೆಯಬಹುದು. ಯಂತ್ರ ಅದನ್ನು ಬಿರುಗಾಳಿಯೆಂದು ನಂಬಿ, ಇಲ್ಲದ ಗಾಳಿಗೆ ಎದುರಾಗಿ ಹಡಗನ್ನು ತಾನೇ ತಳ್ಳಿಬಿಡುತ್ತದೆ. ಹೆಲಿಕಾಪ್ಟರ್ ಬರುವ ಹೊತ್ತಿಗೆ ಡಿಪಿ ಆಪರೇಟರ್ ಆ ಮಾಪಕವನ್ನು ಲೆಕ್ಕದಿಂದ ತೆಗೆದಿಡುವುದು ಇದಕ್ಕೇ. ಪ್ಲಾಟ್‌ಫಾರಂನ ಮರೆಗೆ ಹೋದಾಗ ಇದಕ್ಕೆ ತಿರುಗುಮುರುಗು. ಮಾಪಕಕ್ಕೆ ಗಾಳಿಯೇ ಸಿಗುವುದಿಲ್ಲ, ಹಡಗಿನ ಬಾಲಕ್ಕೆ ಮಾತ್ರ ಬೀಸುತ್ತಲೇ ಇರುತ್ತದೆ. ನಿಮ್ಮ ಹುಡುಗನನ್ನು ಕೇಳಿ ನೋಡಿ, ಇಂಥದ್ದೊಂದನ್ನು ಅವನೂ ಕಂಡಿರಬಹುದು.

ಅಲೆಯದು ಬೇರೆಯೇ ಕಥೆ. ಮೂರರಲ್ಲಿ ಅತಿ ದೊಡ್ಡ ಬಲ ಅಲೆಯದು. ಆದರೂ ಡಿಪಿ ಅದಕ್ಕೆ ಎದುರು ನಿಲ್ಲುವುದಿಲ್ಲ. ಅಲೆಗಳು ಸುಮಾರು 5ರಿಂದ 20 ಸೆಕೆಂಡಿಗೊಂದರಂತೆ ಬರುತ್ತವೆ. ಪ್ರತಿಯೊಂದೂ ಹಡಗನ್ನು ಮೀಟರ್, ಎರಡು ಮೀಟರ್ ಒಯ್ದು ಹಿಂದಕ್ಕೆ ತಂದುಬಿಡುತ್ತದೆ. ಥ್ರಸ್ಟರಿಗೆ ಆದೇಶ ಕೊಟ್ಟು ಅದು ಪೂರ್ತಿ ಬಲ ಹಾಕುವಷ್ಟರಲ್ಲಿ ಕೆಲವು ಸೆಕೆಂಡು ಕಳೆದಿರುತ್ತವೆ, ಹಡಗು ಆಗಲೇ ವಾಪಸು ಹೊರಟಿರುತ್ತದೆ. ಈಗ ಬಂದ ಬಲ ಅದನ್ನು ತಡೆಯುವ ಬದಲು ಇನ್ನಷ್ಟು ನೂಕುತ್ತದೆ. ಜೋಕಾಲಿ ಹಿಂದಕ್ಕೆ ಹೋಗುವ ಹೊತ್ತಿಗೆ ಹಿಂದಕ್ಕೇ ತಳ್ಳಿದ ಹಾಗೆ. ಸಾಲದ್ದಕ್ಕೆ ಎಣ್ಣೆ ಸುಮ್ಮನೆ ಸುಡುತ್ತದೆ, ಗೇರುಗಳು ಸವೆಯುತ್ತವೆ. ಹಾಗಾಗಿ ಅಲೆಯ ತೂಗಾಟವನ್ನು ಲೆಕ್ಕದಿಂದ ಸೋಸಿ ತೆಗೆದು, ಉಳಿದ ನಿಧಾನ ಜರುಗಾಟವನ್ನು ಮಾತ್ರ ನೋಡಬೇಕು.

ಹೇಳಿದಷ್ಟು ಸುಲಭವಲ್ಲ ಇದು. ಅಲೆಗಳಿಗೆ ಇನ್ನೊಂದು ಗುಣವಿದೆ. ಪ್ರತಿ ಅಲೆಯೂ ಹಡಗಿಗೆ ಬಡಿದು ಚದುರುವಾಗ ಅಲೆ ಸಾಗುವ ದಿಕ್ಕಿಗೆ ಒಂದಿಷ್ಟು ತಳ್ಳಿ ಹೋಗುತ್ತದೆ. ತಂದದ್ದನ್ನೆಲ್ಲ ವಾಪಸು ಒಯ್ಯುವುದಿಲ್ಲ, ಸ್ವಲ್ಪ ಉಳಿಸಿಬಿಡುತ್ತದೆ. ಆ ಉಳಿಕೆ ಚಿಕ್ಕದು, ಆದರೆ ಒಂದೇ ದಿಕ್ಕಿನದು. ಅಲೆಯ ಎತ್ತರದ ವರ್ಗದಂತೆ ಬೆಳೆಯುತ್ತದೆ, ದೊಡ್ಡ ಅಲೆಗಳ ಗುಂಪು ಬಂದಾಗ ಹೆಚ್ಚುತ್ತದೆ, ಹೋದಾಗ ಇಳಿಯುತ್ತದೆ. ಇದಕ್ಕೆ ಮಾತ್ರ ಉತ್ತರ ಕೊಡಲೇಬೇಕು. ಕುಣಿತವನ್ನು ಬಿಡಬೇಕು, ಕುಣಿತದೊಳಗೆ ಸೇರಿಕೊಂಡ ನಡಿಗೆಯನ್ನು ಹಿಡಿಯಬೇಕು.

ಇಲ್ಲಿ ಸ್ವಲ್ಪ ಇತಿಹಾಸ ಹೇಳಲೇಬೇಕು. 1961ರಲ್ಲಿ ಅಮೆರಿಕದ ವಿಜ್ಞಾನಿಗಳು ಭೂಮಿಯ ಹೊರಪದರವನ್ನು ತೂರಿ ಕೊರೆಯುವ ಮೊಹೋಲ್ ಯೋಜನೆಯ ಮೊದಲ ಕೊರೆತಕ್ಕೆ ಕೈಹಾಕಿದರು. ಕಸ್-1 ಎಂಬ ಹಡಗಿಗೆ ತಿರುಗಿಸಬಲ್ಲ ನಾಲ್ಕು ಪಂಖಗಳನ್ನು ಕಟ್ಟಿ, ಮೆಕ್ಸಿಕೋದ ಗ್ವಾಡಲೂಪೆ ದ್ವೀಪದ ಬಳಿ 3500 ಮೀಟರಿಗೂ ಆಳದ ನೀರಿನ ಮೇಲೆ ನಿಲ್ಲಿಸಿದರು. ಅಷ್ಟು ಆಳಕ್ಕೆ ಲಂಗರು ಇಳಿಸುವ ಮಾತೇ ಇರಲಿಲ್ಲ. ಸುತ್ತಲೂ ತೇಲುಬುರುಡೆಗಳನ್ನು ನೆಟ್ಟು, ರೇಡಾರು ಸೋನಾರುಗಳಲ್ಲಿ ಅವನ್ನು ನೋಡುತ್ತ ಮನುಷ್ಯನೇ ಕೈಯಿಂದ ನಾಲ್ಕೂ ಪಂಖಗಳನ್ನು ಆಡಿಸಿದ. ಕಾದಂಬರಿಕಾರ ಜಾನ್ ಸ್ಟೈನ್‌ಬೆಕ್ ಆ ಹಡಗಿನಲ್ಲಿದ್ದು ‘ಲೈಫ್’ ಪತ್ರಿಕೆಗೆ ವರದಿ ಬರೆದರು. ಅದೇ ವರ್ಷ ಶೆಲ್ ಕಂಪನಿಯ ‘ಯುರೇಕಾ’ ಹಡಗಿನಲ್ಲಿ ಹೊವರ್ಡ್ ಶಾಟೊ ಈ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಿದರು. ಡಿಪಿಯ ಹುಟ್ಟು ಅಲ್ಲಿಂದ.

ಆ ಕಾಲದ ಯಂತ್ರಗಳು ಅಲೆಯನ್ನು ಒರಟಾಗಿ ಸೋಸುತ್ತಿದ್ದವು. ಜರಡಿ ಸಣ್ಣದಾದಷ್ಟೂ ಸೋಸಲು ಹೊತ್ತು ಹಿಡಿಯುತ್ತಿತ್ತು, ಅಷ್ಟರಲ್ಲಿ ಹಡಗು ಜರುಗಿರುತ್ತಿತ್ತು. ಜರಡಿ ದೊಡ್ಡದಾದರೆ ಅಲೆಯ ಕುಣಿತ ನುಸುಳಿ ಥ್ರಸ್ಟರ್‌ಗಳು ಒದ್ದಾಡುತ್ತಿದ್ದವು. ಈ ಇಕ್ಕಟ್ಟಿಗೆ ದಾರಿ ತೋರಿಸಿದವರು ನಾರ್ವೆಯ ಟ್ರಾಂಡ್‌ಹೈಮಿನ ಯೆನ್ಸ್ ಬಾಲ್ಕೆನ್. ರುಡಾಲ್ಫ್ ಕಾಲ್‌ಮನ್ 1960ರಲ್ಲಿ ಪ್ರಕಟಿಸಿದ, ಅಪೋಲೊ ಯಾನಗಳ ದಾರಿಲೆಕ್ಕಕ್ಕೆ ಬಳಸಿದ ಗಣಿತವನ್ನು ಅವರೂ ಅವರ ಸಂಗಡಿಗರೂ ಹಡಗಿಗೆ ತಂದರು. 1977ರಲ್ಲಿ ಕಾಂಗ್ಸ್‌ಬರ್ಗ್ ಕಂಪನಿಯ ಅಂಥ ಮೊದಲ ವ್ಯವಸ್ಥೆ ‘ಸೀವೇ ಈಗಲ್’ ಹಡಗನ್ನೇರಿತು.

ಆ ಗಣಿತದ ಹುರುಳು ಇಷ್ಟು. ಕಂಪ್ಯೂಟರಿನೊಳಗೆ ಇನ್ನೊಂದು ಹಡಗು ಇರುತ್ತದೆ, ಸಮೀಕರಣಗಳಲ್ಲಿ ಕಟ್ಟಿದ ಹಡಗು. ಅದಕ್ಕೆ ತನ್ನ ತೂಕ ಗೊತ್ತು, ಥ್ರಸ್ಟರ್‌ಗಳು ಎಷ್ಟು ತಳ್ಳುತ್ತಿವೆಯೆಂದು ಗೊತ್ತು, ಗಾಳಿ ಗೊತ್ತು. ಮುಂದಿನ ಸೆಕೆಂಡಿಗೆ ತಾನು ಎಲ್ಲಿರಬೇಕೆಂದು ಅದು ಮೊದಲೇ ಹೇಳುತ್ತದೆ. ನಿಜವಾದ ಹಡಗು ಎಲ್ಲಿದೆಯೆಂದು ಸಾಧನಗಳು ಹೇಳುತ್ತವೆ. ಎರಡಕ್ಕೂ ನಡುವೆ ಬಿದ್ದ ವ್ಯತ್ಯಾಸವನ್ನು ಹಂಚಬೇಕು. ಅಲೆಯ ತಾಳಕ್ಕೆ ಹೊಂದಿ ಹೋಗಿ ಬರುವ ವ್ಯತ್ಯಾಸ ಅಲೆಯ ಖಾತೆಗೆ ಹೋಗುತ್ತದೆ. ಒಂದೇ ದಿಕ್ಕಿಗೆ ಬಿಡದೆ ಬೆಳೆಯುತ್ತಿರುವ ವ್ಯತ್ಯಾಸ ಮಾತ್ರ ಯಾರೋ ತಳ್ಳುತ್ತಿದ್ದಾರೆಂಬುದಕ್ಕೆ ಸಾಕ್ಷಿ, ಅದು ಸೆಳೆತದ ಖಾತೆಗೆ.

ಈ ‘ಸೆಳೆತ’ ಎಂಬುದರ ಬಗ್ಗೆ ಒಂದು ಮಾತು. ಡಿಪಿಯ ಪರದೆಯ ಮೇಲೆ ಸೆಳೆತ ಇಷ್ಟು ಎಂದು ಬಾಣದ ಗುರುತು ಕಾಣುತ್ತದೆ. ಅದು ನೀರಿನೊಳಗೆ ಯಾವುದೋ ಸಾಧನ ಅಳೆದದ್ದಲ್ಲ. ಲೆಕ್ಕ ಮುಗಿದ ಮೇಲೆ ಹೊಂದದೆ ಉಳಿದ ಬಾಕಿ. ನಿಜವಾದ ಸೆಳೆತ ಅದರಲ್ಲಿದೆ, ಅಲೆಗಳು ಬಿಟ್ಟುಹೋಗುವ ಒಂದೇ ದಿಕ್ಕಿನ ತಳ್ಳಾಟವೂ ಇದೆ. ಹೇಳಿದಷ್ಟು ಬಲ ಹಾಕದ ಥ್ರಸ್ಟರಿನ ದೋಷವೂ, ಬದಿಗೆ ಎಳೆಯುತ್ತಿರುವ ಕೊಳವೆಯ ಬಿಗಿತವೂ ಅದರಲ್ಲೇ ಸೇರಿಕೊಂಡಿವೆ. ನುರಿತ ಆಪರೇಟರುಗಳು ಆ ಬಾಣವನ್ನು ನೋಡುವ ರೀತಿ ನನಗೆ ಬಹಳ ಇಷ್ಟ. ಅವರು ಅದನ್ನು ನೀರಿನ ಸುದ್ದಿಯೆಂದು ಓದುವುದಿಲ್ಲ, ಹಡಗಿನ ಆರೋಗ್ಯದ ಸುದ್ದಿಯೆಂದು ಓದುತ್ತಾರೆ. ಭರತವೂ ಅಲ್ಲ, ಇಳಿತವೂ ಅಲ್ಲ, ಬಾಣ ಏಕೆ ಬೆಳೆಯಿತು ಎಂದು ಅವರಿಗೆ ಅನುಮಾನ ಬರುತ್ತದೆ. ಯಾವುದೋ ಪಂಖ ಸೊರಗುತ್ತಿರುವುದು ಅಲ್ಲಿ ಮೊದಲು ಕಾಣಿಸಿಕೊಂಡೀತು.

ಬಾಕಿ ತೆಗೆಯಲು ಹೊತ್ತು ಬೇಕು. ಡಿಪಿ ಹಾಕಿದ ಕೂಡಲೇ ಒಳಗಿನ ಹಡಗಿಗೆ ಹೊರಗಿನ ಕಡಲು ತಿಳಿದಿರುವುದಿಲ್ಲ. ಪ್ಲಾಟ್‌ಫಾರಂ ಹತ್ತಿರ ಹೋಗುವ ಮುಂಚೆ ದೂರದಲ್ಲೇ ನಿಂತು ಅರ್ಧ ಗಂಟೆಯಾದರೂ ಕಾಯುವ ರೂಢಿ ಇದಕ್ಕಾಗಿಯೇ ಇದೆ. ಹೊರಗಿನಿಂದ ನೋಡಿದವರಿಗೆ ಹಡಗು ಸುಮ್ಮನೆ ನಿಂತಂತೆ ಕಾಣುತ್ತದೆ. ಅದು ಆಗ ಕಡಲನ್ನು ಕಲಿಯುತ್ತಿರುತ್ತದೆ.

ಹಾಗಾದರೆ ಕಲಿಯುವುದಕ್ಕಿಂತ ಬೇಗ ಸೆಳೆತ ಬದಲಾದರೆ? ನೀರು ಗಾಳಿಗಿಂತ ಎಂಟುನೂರು ಪಟ್ಟಿಗೂ ಹೆಚ್ಚು ಸಾಂದ್ರ. ನೂರು ಮೀಟರ್ ಉದ್ದ, ನೀರೊಳಗೆ ಆರು ಮೀಟರ್ ಮುಳುಗಿದ ಹಡಗಿಗೆ ಸೆಕೆಂಡಿಗೆ ಒಂದು ಮೀಟರ್ ವೇಗದ ಸೆಳೆತ ಅಡ್ಡಬಂದರೆ ಸುಮಾರು 30 ಟನ್ ಬಲ. ಮನುಷ್ಯ ಆರಾಮಾಗಿ ನಡೆಯುವ ವೇಗಕ್ಕಿಂತ ಕಡಿಮೆಯ ಆ ನೀರು, ಮೇಲೆ ಹೇಳಿದ ಬಿರುಗಾಳಿಯ ಹತ್ತಿರಹತ್ತಿರಕ್ಕೆ ಬರುತ್ತದೆ.

ಇಂಥ ದಿಢೀರ್ ಸೆಳೆತಕ್ಕೆ ಹೆಸರಾದ ಜಾಗ ನಮ್ಮ ಅಂಡಮಾನ್ ಕಡಲು. ಅಲ್ಲಿ ಮೇಲೆ ಬೆಚ್ಚಗಿನ ಹಗುರ ನೀರು, ಕೆಳಗೆ ತಣ್ಣಗಿನ ಭಾರದ ನೀರು, ಎರಡು ಪದರ. ನಿಕೋಬಾರ್ ಮತ್ತು ಸುಮಾತ್ರಾಗಳ ನಡುವೆ ನೀರೊಳಗಿನ ದಿಬ್ಬಗಳ ಮೇಲೆ ಭರತ ಇಳಿತ ಹರಿಯುವಾಗ ಈ ಎರಡು ಪದರಗಳ ನಡುವಿನ ಗಡಿ ಕಲಕಿ ಅಲೆಯಾಗಿ ಏಳುತ್ತದೆ. ಕಡಲ ಮೇಲ್ಮೈಯ ಅಲೆಯಲ್ಲ, ಒಡಲೊಳಗಿನ ಅಲೆ. ಒಂಟಿಯಾಗಿ, ರೂಪ ಕೆಡದೆ ಬಲು ದೂರ ಪೂರ್ವಕ್ಕೆ ಸಾಗುತ್ತದೆ. ವಿಜ್ಞಾನಿಗಳು ಇದನ್ನು ಸಾಲಿಟಾನ್ ಎನ್ನುತ್ತಾರೆ. ಎಕ್ಸಾನ್ ಕಂಪನಿ 1970ರ ದಶಕದಲ್ಲಿ ಅಲ್ಲಿ ತೈಲ ಹುಡುಕುವಾಗ ಈ ಅಲೆಗಳನ್ನು ಅಳೆಯಿತು. ಓಸ್ಬೋರ್ನ್ ಮತ್ತು ಬರ್ಚ್ 1980ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಆ ಅಳತೆಗಳ ವಿವರ ಕೊಟ್ಟರು. ನೀರೊಳಗೆ ಆ ಅಲೆಗಳ ಎತ್ತರ 60 ಮೀಟರಿನಷ್ಟು. ಮೇಲೆ ನಿಂತವರಿಗೆ ಅಂಥ ಎತ್ತರವೇನೂ ಕಾಣುವುದಿಲ್ಲ. ಶಾಂತ ಕಡಲಿನಲ್ಲಿ ದಿಗಂತದಿಂದ ದಿಗಂತಕ್ಕೆ ಒಂದು ಪಟ್ಟಿಯಷ್ಟು ನೀರು ಮಾತ್ರ ಕೊತಕೊತ ಕುದಿಯುತ್ತ ಬರುತ್ತದೆ. ಆ ಪಟ್ಟಿ ಹಾದುಹೋಗುವಾಗ ಮೇಲಿನ ಪದರದ ಸೆಳೆತ ನಿಮಿಷಗಳಲ್ಲೇ ಏರಿ, ಅರ್ಧ ಗಂಟೆ ಆಸುಪಾಸಿನಲ್ಲಿ ಇಳಿದುಬಿಡುತ್ತದೆ.

ಡಿಪಿಯ ಮೂರು ಉಪಾಯಗಳೂ ಇಲ್ಲಿ ಸೋಲುತ್ತವೆ. ಗಾಳಿ ಇಲ್ಲದ್ದರಿಂದ ಮಾಪಕ ಸುಮ್ಮನಿರುತ್ತದೆ. ಹೋಗಿ ಬರುವ ತಾಳವಿಲ್ಲದ್ದರಿಂದ ಅಲೆಯ ಖಾತೆಗೆ ಹಾಕುವಂತಿಲ್ಲ. ಬಾಕಿಯ ಖಾತೆ ನಿಧಾನದ್ದು, ಅದು ಅರಿಯುವಷ್ಟರಲ್ಲಿ ಹಡಗು ಜರುಗಿರುತ್ತದೆ, ಅರಿತು ಪೂರ್ತಿ ಬಲ ಹಾಕುವಷ್ಟರಲ್ಲಿ ಸೆಳೆತ ನಿಂತಿರುತ್ತದೆ. ಆಗ ಅದೇ ಬಲ ಹಡಗನ್ನು ಎದುರು ದಿಕ್ಕಿಗೆ ಓಡಿಸುತ್ತದೆ. ಬಾಕಿಯನ್ನು ಬೇಗ ಕಲಿಯುವಂತೆ ಗುಂಡಿ ಒತ್ತಬಹುದು. ಆದರೆ ಬೇಗ ಕಲಿಯುವ ಯಂತ್ರ ಅಲೆಗೂ ಬೇಗ ಮೋಸಹೋಗುತ್ತದೆ. ಆದ್ದರಿಂದ ಇಂಥ ಕಡೆ ಮನುಷ್ಯರೇ ಮುಂದೆ ಹೋಗಿ ಕಾಯುತ್ತಾರೆ. ಅಲೆ ಬರುವ ದಿಕ್ಕಿಗೆ ಕಾವಲು ದೋಣಿ ನಿಲ್ಲಿಸುತ್ತಾರೆ, ನೀರೊಳಗಿನ ಸೆಳೆತ ಅಳೆಯುವ ಸಾಧನವನ್ನು ದೂರದಲ್ಲಿ ಇಳಿಬಿಡುತ್ತಾರೆ, ರೇಡಾರಿನಲ್ಲಿ ಆ ಪಟ್ಟಿಯನ್ನು ಹುಡುಕುತ್ತಾರೆ. ಸುದ್ದಿ ಬಂದ ಕೂಡಲೇ ಆಪರೇಟರ್ ಹಡಗಿನ ಮೂತಿಯನ್ನು ಆ ಕಡೆ ತಿರುಗಿಸಿ, ಎಲ್ಲ ಜನರೇಟರುಗಳನ್ನೂ ಚಾಲೂ ಮಾಡಿ ಸಿದ್ಧನಾಗುತ್ತಾನೆ. ಗಾಳಿಗೆ ಮಾಪಕ ಮಾಡುವ ಕೆಲಸವನ್ನು ಇಲ್ಲಿ ಕಾವಲು ದೋಣಿಯ ಕಣ್ಣು ಮಾಡುತ್ತದೆ.

ಮೂತಿ ತಿರುಗಿಸುವ ಮಾತು ಬಂತು. ಇಷ್ಟೆಲ್ಲ ಗಣಿತಕ್ಕಿಂತ ಹಳೆಯ ಉಪಾಯ ಅದು. ಮಲ್ಪೆಯಲ್ಲೋ ಹೊನ್ನಾವರದಲ್ಲೋ ಲಂಗರು ಹಾಕಿ ಬಿಟ್ಟ ಬೋಟುಗಳು ಗಾಳಿ ಸೆಳೆತಗಳಿಗೆ ತಾವಾಗಿಯೇ ಮೂತಿ ಕೊಟ್ಟು ನಿಲ್ಲುವುದನ್ನು ನೀವು ನೋಡಿಯೇ ಇರುತ್ತೀರಿ. ಅಡ್ಡ ನಿಂತಾಗ 36 ಟನ್ ತಳ್ಳಿದ ಅದೇ ಗಾಳಿ, ಮೂತಿಯ ಕಡೆ 400 ಚದರ ಮೀಟರಷ್ಟೇ ಸಿಕ್ಕರೆ 10 ಟನ್ನಿಗೆ ಇಳಿಯುತ್ತದೆ. ಕೆಲಸ ಬಿಟ್ಟುಕೊಟ್ಟರೆ ಡಿಪಿ ಹಡಗನ್ನೂ ಹೀಗೇ ನಿಲ್ಲಿಸುತ್ತಾರೆ. ಪ್ಲಾಟ್‌ಫಾರಂ ಪಕ್ಕ ನಿಂತು ಕ್ರೇನಿಗೆ ಸಾಮಾನು ಕೊಡುವಾಗ ಮಾತ್ರ ಆ ಸ್ವಾತಂತ್ರ್ಯ ಇರುವುದಿಲ್ಲ.

ಇಲ್ಲಿ ನಿಮ್ಮ ಹುಡುಗ ಕೆಲಸ ಮಾಡುವ ಕಡಲಿನ ಒಂದು ದುಃಖದ ಘಟನೆಯನ್ನು ನೆನೆಯದೆ ಮುಂದೆ ಹೋಗಲಾರೆ. 2005ರ ಜುಲೈ 27, ಮುಂಗಾರಿನ ಕಡಲು. ಗಾಯಗೊಂಡಿದ್ದ ಸಿಬ್ಬಂದಿಯೊಬ್ಬನನ್ನು ಚಿಕಿತ್ಸೆಗಾಗಿ ದಾಟಿಸಲು ‘ಸಮುದ್ರ ಸುರಕ್ಷಾ’ ಹಡಗು ಮುಂಬೈ ಹೈ ನಾರ್ತ್ ಪ್ಲಾಟ್‌ಫಾರಂ ಹತ್ತಿರ ಬಂತು. ಗಾಳಿ ಮರೆಯ ಕಡೆಯ ಕ್ರೇನು ಕೆಲಸಕ್ಕಿರಲಿಲ್ಲ, ಗಾಳಿ ಬರುವ ಕಡೆಯಿಂದಲೇ ಹೋಗಬೇಕಾಯಿತು. ಥ್ರಸ್ಟರ್ ತೊಂದರೆಯಿಂದ ಹಡಗನ್ನು ಕೈಯಾರೆ ನಡೆಸಲಾಗುತ್ತಿತ್ತು. ಅಲೆಯ ಎತ್ತಾಟದಲ್ಲಿ ಹಡಗಿನ ಹೆಲಿಡೆಕ್ ಅನಿಲ ತುಂಬಿದ ಕೊಳವೆಗೆ ಬಡಿಯಿತು. ಬೆಂಕಿ ಇಡೀ ಪ್ಲಾಟ್‌ಫಾರಂ ನುಂಗಿತು. 22 ಜನ ತೀರಿಕೊಂಡರು. ಗಾಳಿಮರೆಯಲ್ಲಿದ್ದ ಹಡಗಿನ ಬಲ ಸೋತರೆ ಅದು ಪ್ಲಾಟ್‌ಫಾರಂನಿಂದ ದೂರ ತೇಲುತ್ತದೆ. ಗಾಳಿ ಬರುವ ಕಡೆಯಲ್ಲಿದ್ದರೆ ಅದರ ಮೇಲೇ ತೇಲುತ್ತದೆ. ಡಿಪಿ ಕಲಿಯುವವರಿಗೆ ಈ ಎರಡರ ವ್ಯತ್ಯಾಸವನ್ನು ಮೊದಲ ಪಾಠಗಳಲ್ಲೇ ಹೇಳಿಕೊಡುತ್ತಾರೆ. ಅಂತರರಾಷ್ಟ್ರೀಯ ಕಡಲ ಸಂಸ್ಥೆ 1994ರಲ್ಲಿ ಡಿಪಿ ಹಡಗುಗಳನ್ನು ಮೂರು ದರ್ಜೆಗಳಾಗಿ ವಿಂಗಡಿಸಿದ್ದೂ ಇಂಥ ಅಪಾಯ ಮನಸ್ಸಿನಲ್ಲಿಟ್ಟುಕೊಂಡೇ. ಎರಡನೇ ದರ್ಜೆಯ ಹಡಗಿನಲ್ಲಿ ಯಾವುದೇ ಒಂದು ಯಂತ್ರಭಾಗ ಕೆಟ್ಟರೂ ಜಾಗ ತಪ್ಪಬಾರದು. ಮೂರನೆಯದರಲ್ಲಿ ಒಂದು ಕೋಣೆಗೆ ಪೂರ್ತಿ ಬೆಂಕಿ ಹತ್ತಿದರೂ, ನೀರು ನುಗ್ಗಿದರೂ ತಪ್ಪಬಾರದು. ಕಂಪ್ಯೂಟರ್ ಹೊತ್ತುಹೊತ್ತಿಗೆ ತನ್ನನ್ನೇ ಕೇಳಿಕೊಳ್ಳುತ್ತಿರುತ್ತದೆ: ಈಗಿರುವ ಗಾಳಿ, ಈಗಿರುವ ಸೆಳೆತ, ಇದರಲ್ಲಿ ನನ್ನ ಅರ್ಧ ಬಲ ಹೋದರೆ ಉಳಿದ ಅರ್ಧ ಸಾಕೇ? ಸಾಲದೆಂದು ಕಂಡರೆ ಏನೂ ಕೆಡದಿದ್ದರೂ ಎಚ್ಚರಿಕೆ ಕೂಗುತ್ತದೆ.

ಕಡಲು ಪೂರ್ತಿ ಶಾಂತವಾದಾಗ ಯಂತ್ರಕ್ಕೆ ಕೆಲಸವೇ ಇರುವುದಿಲ್ಲವೇ ಎಂದು ನಿಮಗೆ ಅನ್ನಿಸಬಹುದು. ಗಾಳಿ ಒಂದೇ ದಿಕ್ಕಿನಿಂದ ಹದವಾಗಿ ತಳ್ಳುತ್ತಿದ್ದರೆ ಒರಗಲು ಗೋಡೆಯಿದ್ದಂತೆ, ಹಡಗು ಅದಕ್ಕೆ ಬೆನ್ನು ಕೊಟ್ಟು ನಿಲ್ಲುತ್ತದೆ. ಗಾಳಿ ಸತ್ತು ನೀರು ನಿಂತಾಗ ಒರಗಲು ಏನೂ ಇರುವುದಿಲ್ಲ. ಸ್ವಲ್ಪ ಆ ಕಡೆ, ಸ್ವಲ್ಪ ಈ ಕಡೆ, ಪ್ರತಿ ಸಲವೂ ಥ್ರಸ್ಟರ್ ಸೊನ್ನೆ ದಾಟಿ ದಿಕ್ಕು ಬದಲಿಸಬೇಕು, ತಿರುಗುವ ಥ್ರಸ್ಟರ್‌ಗಳು ದಿಕ್ಕು ಹುಡುಕುತ್ತ ಸುತ್ತುತ್ತಲೇ ಇರಬೇಕು. ಆಗ ಆಪರೇಟರ್ ಎರಡು ಥ್ರಸ್ಟರ್‌ಗಳನ್ನು ಎದುರುಬದುರಾಗಿ ತಿರುಗಿಸಿ ಒಂದನ್ನೊಂದು ತಳ್ಳುವಂತೆ ಮಾಡುತ್ತಾನೆ. ಎರಡೂ ಸದಾ ದುಡಿಯುತ್ತಿರುತ್ತವೆ, ಒಂದರ ಬಲವನ್ನು ಇನ್ನೊಂದು ತಿನ್ನುತ್ತದೆ, ಒಂದನ್ನು ತುಸು ಹೆಚ್ಚಿಸಿ ಇನ್ನೊಂದನ್ನು ತುಸು ಇಳಿಸಿದರೆ ಹಡಗು ಕೂದಲೆಳೆಯಷ್ಟು ಸರಿಯುತ್ತದೆ. ಎಣ್ಣೆ ಸುಟ್ಟರೂ ಚಿಂತೆಯಿಲ್ಲವೆಂದು, ಕಡಲು ತಳ್ಳದ ದಿನ ಹಡಗು ತನ್ನನ್ನು ತಾನೇ ತಳ್ಳಿಕೊಳ್ಳುತ್ತ ನಿಂತಿರುತ್ತದೆ.